ಲಾಟರಿ ನಿಷೇಧವನ್ನು ಕಾಯ್ದದ್ದು ಬಂಡೀಪುರದ ಕಾಡು

ಚಾಮರಾಜನಗರ: ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಮೂಲೆಹೊಳೆ ಚೆಕ್‌ಪೋಸ್ಟ್‌ನ ಈಚೆಗೆ ಲಾಟರಿ ಟಿಕೆಟ್ ಮಾರುವುದು ಅಪರಾಧ. ಕೆಲವೇ ಕಿಲೋಮೀಟರ್ ಆಚೆಗೆ ಅದೇ ಟಿಕೆಟ್ ಸರ್ಕಾರಿ ಮುದ್ರೆ ಹೊತ್ತ ಸರಕು. ಬತ್ತೇರಿ ಪೇಟೆಯಲ್ಲಿ ಅದನ್ನು ಹಾಡಹಗಲೇ ಮಾರುತ್ತಾರೆ, ಕೊಳ್ಳುವವರ ಊರು ಯಾವುದೆಂದು ಯಾರೂ ಕೇಳುವುದಿಲ್ಲ.

ಗುಂಡ್ಲುಪೇಟೆ ತಾಲ್ಲೂಕಿಗೆ ಒಂದು ಕಡೆ ವಯನಾಡು, ಇನ್ನೊಂದು ಕಡೆ ನೀಲಗಿರಿ. ತಮಿಳುನಾಡು 2003ರಲ್ಲಿಯೇ ಲಾಟರಿಯನ್ನು ನಿಷೇಧಿಸಿತು. ಕರ್ನಾಟಕ 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಅದೇ ದಾರಿ ಹಿಡಿಯಿತು. ಅನ್ಯ ರಾಜ್ಯಗಳ ಲಾಟರಿಯನ್ನು ಮಾತ್ರ ತಡೆದು ಸ್ವಂತ ಲಾಟರಿಯನ್ನು ಉಳಿಸಿಕೊಳ್ಳುವ ಅವಕಾಶ ಸರ್ಕಾರಕ್ಕೆ ಇರಲಿಲ್ಲ. 1998ರ ಲಾಟರಿ ನಿಯಂತ್ರಣ ಕಾಯ್ದೆ ಹಾಗೂ 1999ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಇತರರ ಟಿಕೆಟ್ ಬೇಡವೆನ್ನುವ ರಾಜ್ಯ ಮೊದಲು ತನ್ನ ಅಂಗಡಿಯನ್ನು ಮುಚ್ಚಬೇಕು. ಹೀಗಾಗಿ ಆದಾಯವನ್ನು ಬಿಟ್ಟುಕೊಟ್ಟೇ ರಾಜ್ಯ ನಿಷೇಧ ಹೇರಿತು. ಮೂರು ರಾಜ್ಯಗಳು ಸೇರುವ ಈ ಮೂಲೆಯಲ್ಲಿ ಉಳಿದದ್ದು 1967ರಲ್ಲಿ ಸರ್ಕಾರಿ ಲಾಟರಿ ಆರಂಭಿಸಿದ ಕೇರಳವೊಂದೇ.

ಈ ಗಡಿಯ ಆಕರ್ಷಣೆ ಎಷ್ಟೆಂಬುದು ರಾಜ್ಯಕ್ಕೆಲ್ಲ ತಿಳಿದದ್ದು 2024ರ ಅಕ್ಟೋಬರ್‌ನಲ್ಲಿ. ಕೇರಳದ ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿಯ ಪ್ರಥಮ ಬಹುಮಾನ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂತು. ಟಿಕೆಟ್ ಮಾರಾಟವಾದದ್ದು ಬತ್ತೇರಿಯಲ್ಲಿ. ಕಮಿಷನ್, ತೆರಿಗೆ ಕಳೆದು ಕೈಗೆ ಬರುವುದು ಅರ್ಧದಷ್ಟೇ ಆದರೂ ಮೆಕ್ಯಾನಿಕ್ ಕೋಟ್ಯಧಿಪತಿಯಾದ ಸುದ್ದಿಗೆ ಬೇರೆ ಜಾಹೀರಾತು ಬೇಕಿರಲಿಲ್ಲ.

ಆದರೆ ಲೆಕ್ಕವೇ ಬೇರೆ. ಆ ವರ್ಷ ಮಾರಾಟವಾದ ಬಂಪರ್ ಟಿಕೆಟ್‌ಗಳು 70 ಲಕ್ಷಕ್ಕೂ ಹೆಚ್ಚು. 2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ಸುಮಾರು 10.2 ಲಕ್ಷ. ಜಿಲ್ಲೆಯ ಪ್ರತಿಯೊಬ್ಬರೂ, ತೊಟ್ಟಿಲ ಕೂಸು ಸೇರಿದಂತೆ, ತಲಾ ಆರು ಟಿಕೆಟ್ ಕೊಂಡಿದ್ದರೂ ಪ್ರಥಮ ಬಹುಮಾನ ಇಡೀ ಜಿಲ್ಲೆಯ ಕೈತಪ್ಪುವ ಸಾಧ್ಯತೆ ಉಳಿದೇ ಇರುತ್ತಿತ್ತು. ಬಂಪರ್ ಟಿಕೆಟ್‌ನ ಬೆಲೆ 500 ರೂಪಾಯಿ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ. ಒಂದು ಟಿಕೆಟ್‌ಗೆ ಒಂದು ದಿನದ ಬೆವರು ಸಾಲದು, ಬಸ್ ಚಾರ್ಜು ಬೇರೆ. ನಾಲ್ಕಾರು ಜನ ಹಣ ಹಾಕಿ ಪಾಲಿನಲ್ಲಿ ಟಿಕೆಟ್ ಕೊಳ್ಳುವ ರೂಢಿ ಬೆಳೆದಿರುವುದು ಇದೇ ಕಾರಣಕ್ಕೆ.

ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಚೆಂಡುಹೂವು ಲಾರಿಗಳಲ್ಲಿ ಕೇರಳಕ್ಕೆ ಹೋಗುತ್ತದೆ, ಹೂವಿನ ದುಡ್ಡು ಇತ್ತ ಬರುತ್ತದೆ. ಅದೇ ಹೊತ್ತಿಗೆ ಬಂಪರ್ ಹೆಸರಿನಲ್ಲಿ ಒಂದಿಷ್ಟು ದುಡ್ಡು ಮರಳಿ ಅತ್ತ ಸಾಗುತ್ತದೆ. ಕೇರಳ ಇದನ್ನು ಜೂಜೆಂದು ಕರೆಯುವುದಿಲ್ಲ. ಕ್ಯಾನ್ಸರ್, ಕಿಡ್ನಿ ರೋಗಿಗಳ ಚಿಕಿತ್ಸೆಗೆಂದೇ ಅದು 'ಕಾರುಣ್ಯ' ಎಂಬ ಲಾಟರಿಯನ್ನು ಆರಂಭಿಸಿತು. ಕಾರ್ಯ ಒಳ್ಳೆಯದೇ. ಆದರೆ ಆ ಪುಣ್ಯದಲ್ಲಿ ತೆರಕಣಾಂಬಿಯ ಕೂಲಿಯದೂ ಪಾಲಿದ್ದರೆ, ಆತನ ಮನೆಯ ಕಾಯಿಲೆಗೆ ಅದರಿಂದ ಸಿಗುವ ನೆರವು ಶೂನ್ಯ.

ಹಾಗಾದರೆ ಕರ್ನಾಟಕದ ನಿಷೇಧ ವ್ಯರ್ಥವೇ? ಹಾಗೆನ್ನುವುದು ಅವಸರದ ತೀರ್ಮಾನ. ಬತ್ತೇರಿ ಗುಂಡ್ಲುಪೇಟೆಯಿಂದ ಸುಮಾರು 55 ಕಿಲೋಮೀಟರ್. ನಡುವೆ ಕಾಡು. 2009ರಿಂದ ಈ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬೀಡಾ ಅಂಗಡಿಯಲ್ಲಿ ದಿನವೂ ಟಿಕೆಟ್ ಸಿಗುವುದಕ್ಕೂ, ಒಂದು ದಿನದ ಕೆಲಸ ಬಿಟ್ಟು ಹೋಗಿ ತರಬೇಕಾಗುವುದಕ್ಕೂ ಅಜಗಜಾಂತರವಿದೆ. ಆನೆಗಾಗಿ ಮಾಡಿದ ನಿಯಮ ಕೂಲಿಕಾರನ ಜೇಬನ್ನೂ ಒಂದಷ್ಟು ಕಾಯ್ದಿತು. ಅಬಕಾರಿ, ಪೊಲೀಸ್ ಇಲಾಖೆಗಳು ಸಾಧಿಸಲಾಗದ್ದನ್ನು ದೂರ ಸಾಧಿಸಿತು.

ಈ ದೂರವನ್ನು ಅಳಿಸಿ ಹಾಕಿದ್ದು ಮೊಬೈಲ್. ಕ್ಯಾಸಿನೊ ಬೇಕೆನ್ನುವವರು ಮೊದಲು ಗೋವಾಕ್ಕೆ ಹೋಗಿ ಮಾಂಡೋವಿ ನದಿಯ ಹಡಗು ಹತ್ತಬೇಕಿತ್ತು. (ಗೋವಾ ಸರ್ಕಾರ 2020ರ ಫೆಬ್ರವರಿಯಿಂದ ತನ್ನದೇ ಜನರಿಗೆ ಅಲ್ಲಿ ಪ್ರವೇಶ ನಿರಾಕರಿಸಿದೆ, ಹೊರಗಿನವರಿಗೆ ಸ್ವಾಗತ!) ಫೋನು ಬಂದ ಮೇಲೆ ಹಂಗಳದ ಜಗುಲಿಯಲ್ಲಿಯೇ ರಮ್ಮಿ. ರಾಜ್ಯ ಸರ್ಕಾರ 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನು ಜೂಜಿನೊಂದಿಗೆ ಸೇರಿಸಲಾಗದು ಎಂದು ಹೈಕೋರ್ಟ್ 2022ರ ಫೆಬ್ರವರಿ 14ರಂದು ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಆ ತಿದ್ದುಪಡಿಯಲ್ಲಿಯೂ ಕುದುರೆ ರೇಸಿಗೆ ವಿನಾಯಿತಿ ಇತ್ತೆಂಬುದು ಗಮನಾರ್ಹ. ಮೈಸೂರಿನ ರೇಸ್‌ಕೋರ್ಸ್‌ನಲ್ಲಿ ಸೂಟು ತೊಟ್ಟವರು ಹಣ ಕಟ್ಟಿದರೆ ಕೌಶಲ, ಜಮೀನಿನ ಬದುವಿನಲ್ಲಿ ಪಂಚೆ ಉಟ್ಟವರು ಅಂದರ್ ಬಾಹರ್ ಆಡಿದರೆ ದಾಳಿ.

ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. ಹಣದ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ವಿವಿಧ ಹೈಕೋರ್ಟ್‌ಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಗಡಿ ತಾಲ್ಲೂಕಿಗೆ ಇದರಷ್ಟೇ ಹತ್ತಿರದ ಅಪಾಯ ಇನ್ನೊಂದಿದೆ. ಕೇರಳ ಲಾಟರಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾರುವುದಾಗಿ ಹೇಳಿ ಹಣ ಕೀಳುವ ದಂಧೆ. ಆನ್‌ಲೈನ್ ಮಾರಾಟಕ್ಕೆ ಅನುಮತಿಯೇ ಇಲ್ಲವೆಂದು ಕೇರಳದ ಲಾಟರಿ ಇಲಾಖೆ ಪದೇಪದೇ ಎಚ್ಚರಿಸಿದೆ. ಬಹುಮಾನ ಬೇಕೆಂದರೆ ಕಾಗದದ ಅಸಲಿ ಟಿಕೆಟನ್ನೇ, ಅದೂ 30 ದಿನದೊಳಗೆ, ಹಾಜರುಪಡಿಸಬೇಕು. ಟಿಕೆಟ್‌ನ ಫೋಟೊ ನಂಬಿ ಹಣ ಕಳಿಸಿದವರ ಕೈಯಲ್ಲಿ ಇರುವುದು ಫೋಟೊ ಮಾತ್ರ. ಇಲ್ಲಿ ನಿಷಿದ್ಧವಾದ ಸರಕನ್ನು ಕೊಳ್ಳಲು ಹೋಗಿ ಮೋಸಹೋದೆವೆಂದು ಠಾಣೆಯ ಮೆಟ್ಟಿಲು ಹತ್ತಲು ಅಂಥವರು ಅಳುಕುವುದು ಸಹಜ. ಮೋಸಗಾರರ ಬಂಡವಾಳವೂ ಅದೇ. ಹಣ ಕಳೆದುಕೊಂಡವರು ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿದರೆ ವರ್ಗಾವಣೆಯಾದ ಮೊತ್ತವನ್ನು ತಡೆಹಿಡಿಯುವ ಅವಕಾಶವಿದೆ.