ಪದೇ ಪದೇ ಚಿಮ್ಮುವ ಗುಂಡಿ

ಮಕ್ಕಳೇ, ಈ ಸಲ ಅಡುಗೆಯೂ ಇಲ್ಲ, ಹಬ್ಬವೂ ಇಲ್ಲ. ನಮ್ಮ ಸಂಘದ ಹಳೆಯ ಆಂಪ್ಲಿಫೈಯರಿನ ಕಥೆ. ನಿಮ್ಮಲ್ಲೊಬ್ಬನನ್ನು ನಾನು ಸುಮ್ಮಸುಮ್ಮನೆ ಗದರಿದ ಕಥೆಯೂ ಹೌದು.

2023ರ ರಾಜ್ಯೋತ್ಸವಕ್ಕೆ ತಾಲೀಮು ನಡೆದಿತ್ತು. ಮುಂಬಯಿಯ ಅಕ್ಟೋಬರ್ ಸೆಕೆ ನಿಮಗೆ ಗೊತ್ತೇ ಇದೆ. ಇಪ್ಪತ್ತು ನಿಮಿಷ ಹಾಡುವಷ್ಟರಲ್ಲಿ ಮೈಕು ಮೌನ. ನೋಡಿದರೆ ಪೆಟ್ಟಿಗೆಯ ಹಿಂಬದಿಯ ಕಪ್ಪು ಗುಂಡಿ ಹೊರಗೆ ಚಿಮ್ಮಿರುತ್ತಿತ್ತು. ಒತ್ತಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ರಾಗ. ಮೈಕು ನೋಡಿಕೊಳ್ಳುತ್ತಿದ್ದ ಹುಡುಗನ ಮೇಲೆ ಹರಿಹಾಯ್ದೆ: "ಸಿನಿಮಾ ಹಾಡು ಜೋರಾಗಿ ಹಾಕಿ ಹಾಕಿ ನೀನೇ ಕೆಡಿಸಿದ್ದು!" ಪಾಪ, ಎದುರಾಡಲಿಲ್ಲ. "ಆಂಟಿ, ಗುಂಡಿಯ ಎರಡು ಕಾಲಿಗೂ ಸೇರಿಸಿ ಒಂದು ತಂತಿ ಸುತ್ತಿಬಿಡ್ತೀನಿ. ಪ್ರೋಗ್ರಾಂ ಮುಗಿಯೋವರೆಗೆ ನಡೆಯುತ್ತೆ" ಎಂದ. ನನ್ನ ಎದೆ ಧಸಕ್ಕೆಂದಿತು. ಹಿಂದೆ ಬಟ್ಟೆಯ ಪರದೆ, ಮುಂದೆ ಅರವತ್ತು ಚಿಕ್ಕ ಮಕ್ಕಳು.

ಆ ಗುಂಡಿಯೇ ಸರ್ಕ್ಯೂಟ್ ಬ್ರೇಕರ್. ಒಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ತಾನಾಗಿ ಆರಿ ಹೊತ್ತಿಕೊಳ್ಳುವುದೂ ಇಂಥದೇ ಪಟ್ಟಿಯಿಂದ. ಫ್ಯೂಸ್ ಒಮ್ಮೆ ಸುಟ್ಟರೆ ಮುಗಿಯಿತು. ಇದನ್ನು ತಣಿದ ಮೇಲೆ ಮತ್ತೆ ಒತ್ತಬಹುದು. ತಂತಿ ಸುತ್ತಿದರೆ ಕಾವಲುಗಾರನ ಕೈಕಾಲು ಕಟ್ಟಿ ಬಾಗಿಲು ತೆರೆದಿಟ್ಟಂತೆ. ಒಳಗೆ ಏನಾದರೂ ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗೆಯಾಡಿದ ಮೇಲೆಯೇ ನಮಗೆ ತಿಳಿಯುವುದು.

ಮರುದಿನ ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಹಾಕಿ ನಾವಿಬ್ಬರೂ ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ರಿಪೇರಿಯವರು ವಯಸ್ಸಾದವರು. ಸ್ಪೀಕರಿನ ತಂತಿಗಳನ್ನು ಬಿಚ್ಚಿಟ್ಟು, ಸೀರೀಸ್ ಬೋರ್ಡಿಗೆ ನೂರು ವಾಟಿನ ಹಳೆಯ ಬಲ್ಬು ಸಿಕ್ಕಿಸಿ ಅದರ ಮೂಲಕ ಕರೆಂಟು ಕೊಟ್ಟರು. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. "ಒಳಗೆ ಶಾರ್ಟ್ ಇಲ್ಲ. ಇದ್ದರೆ ಬಲ್ಬು ಪೂರ್ತಿ ಉರಿಯುತ್ತಲೇ ಇರುತ್ತಿತ್ತು" ಎಂದರು. ಈ ಪರೀಕ್ಷೆಗೆ ಎಲ್‌ಇಡಿ ಬಲ್ಬು ಆಗದು, ತಂತಿ ಕಾಯುವ ಬಲ್ಬೇ ಬೇಕು. ಅದಕ್ಕೇ ಡ್ರಾಯರಿನಲ್ಲಿ ನಾಲ್ಕನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದರು, ನಮ್ಮಜ್ಜಿ ಬೆಳ್ಳಿ ಲೋಟ ಇಟ್ಟ ಹಾಗೆ.

ಪ್ಲಗ್ ಕಿತ್ತಾದ ಮೇಲೂ ಅವರು ಒಳಗೆ ಕೈ ಹಾಕಲಿಲ್ಲ. ದೊಡ್ಡ ಕೆಪಾಸಿಟರುಗಳು ಕರೆಂಟು ಹೋದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ. ಒಂದು ರೆಸಿಸ್ಟರ್ ಹಿಡಿದು ಅದನ್ನು ಇಳಿಸಿದ ಮೇಲೆಯೇ ಬ್ರೇಕರಿನ ತಂತಿ ಬಿಚ್ಚಿದರು. ಮುಚ್ಚಳ ತೆಗೆಯುವ ಉತ್ಸಾಹ ನಿಮಗಿದ್ದರೆ, ಮೊದಲು ಇಂಥವರ ಪಕ್ಕದಲ್ಲಿ ನಾಲ್ಕು ದಿನ ಕೂತು ನೋಡಿ.

ಗುಂಡಿ ಒತ್ತಿಟ್ಟು ಮೀಟರ್ ಹಚ್ಚಿದಾಗ ಮುಳ್ಳು ಸೊನ್ನೆಗೆ ಹೋಗಿ ನಿಲ್ಲಬೇಕು. ನಮ್ಮದು ಆಚೀಚೆ ತೂಗಾಡುತ್ತಿತ್ತು. ವರ್ಷಗಳ ಕಿಡಿಗೆ ಒಳಗಿನ ಸಂಪರ್ಕದ ಜಾಗ ಕಪ್ಪುಗಟ್ಟಿ ತಾನೇ ಬಿಸಿಯಾಗುತ್ತಿತ್ತು. ಆ ಬಿಸಿಗೇ ಪಟ್ಟಿ ಬಾಗುತ್ತಿತ್ತು. ಬ್ರೇಕರಿನ ಮೇಲೆ 5 ಆಂಪಿಯರ್ ಎಂದಿತ್ತು. ಅಂದರೆ 230 ವೋಲ್ಟಿನಲ್ಲಿ 1150 ವಾಟ್. ಅವರ ಬಳಿ ಇದ್ದದ್ದು 10ರದ್ದು. "ದೊಡ್ಡದಿದ್ದರೆ ಒಳ್ಳೆಯದಲ್ಲವೇ?" ಎಂದೆ. ಬಿ.ಎ. ಇಂಗ್ಲಿಷ್ ಓದಿದವಳ ಪ್ರಶ್ನೆ! ಅವರು ಉತ್ತರಿಸುವ ಮೊದಲೇ ಹುಡುಗ, "ಆಂಟಿ, ಅದೂ ತಂತಿ ಸುತ್ತಿದ ಹಾಗೇ ಅಲ್ವಾ?" ಎಂದ. ಅವನೇ ನಾಲ್ಕಂಗಡಿ ಅಲೆದು 5ರದ್ದನ್ನು ತಂದ.

ಹೊರಡುವಾಗ ಅವರು ಕೇಳಿದರು: "ಇದರ ಮೇಲೆ ಏನಾದರೂ ಹೊದಿಸುತ್ತೀರಾ? ಗಾಳಿಯ ಕಿಂಡಿಗಳಲ್ಲೆಲ್ಲ ಬಣ್ಣದ ನೂಲು. ಸೆಕೆ ಒಳಗೇ ಉಳಿದರೆ ಬ್ರೇಕರ್ ಇನ್ನೂ ಬೇಗ ಚಿಮ್ಮುತ್ತದೆ." ಹುಡುಗ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಆ ಕಸೂತಿಯ ಹೊದಿಕೆ ನಾನೇ ಹೊಲಿದದ್ದು. ತಾಲೀಮಿನಲ್ಲೂ ತೆಗೆಯಲು ಬಿಟ್ಟಿರಲಿಲ್ಲ, ಧೂಳು ಬೀಳುತ್ತದೆಂದು.

ಟ್ಯಾಕ್ಸಿಯಲ್ಲಿ ಅವನ ಕ್ಷಮೆ ಕೇಳಿದೆ. ಹೊದಿಕೆ ಈಗ ಹಾರ್ಮೋನಿಯಂ ಮೇಲಿದೆ.