ಶೋಕಕ್ಕೆ ಗಡುವು ಹಾಕಬೇಡಿ

ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿದ ಮೇಲೂ ಅಳುತ್ತ ಕೂರುವುದು ದೌರ್ಬಲ್ಯ, ಶೋಕದ ಐದು ಹಂತ ದಾಟಿ ಮುಂದೆ ಸಾಗಬೇಕು ಎಂಬ ಕಳೆದ ವಾರದ ಲೇಖನದ ವಾದ ತಪ್ಪು. ನೊಂದವರನ್ನು ಅದು ಇನ್ನಷ್ಟು ನೋಯಿಸುತ್ತದೆ.

ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಐದು ಹಂತಗಳನ್ನು ವಿವರಿಸಿದ್ದು ಮುಖ್ಯವಾಗಿ ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ಮಾತಾಡಿ. ಆಪ್ತರನ್ನು ಕಳೆದುಕೊಂಡವರೆಲ್ಲ ಅದೇ ಕ್ರಮದಲ್ಲಿ ಸಾಗಬೇಕೆಂಬ ನಿಯಮವಿಲ್ಲ. ಶೋಕವನ್ನು ಕಾಯಿಲೆ ಎಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಕನಿಷ್ಠ 6 ತಿಂಗಳು ಕಾಯುತ್ತದೆ. ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ವಯಸ್ಕರಿಗೆ 12 ತಿಂಗಳು ಕೊಡುತ್ತದೆ. ಹೀಗಿರುವಾಗ ಹದಿಮೂರು ದಿನದ ಗಡುವು ಹಾಕಲು ನಾವು ಯಾರು?

ಸೂತಕದ ದಿನಗಳಲ್ಲಿ ಮನೆ ತುಂಬ ಜನ. ನೆಂಟರು ಹೊರಟ ಮೇಲೆಯೇ ಮರಣ ಪ್ರಮಾಣಪತ್ರ, ಬ್ಯಾಂಕು, ಪಿಂಚಣಿಯ ಓಡಾಟ ಶುರುವಾಗುವುದು. ನೆರವು ಬೇಕಾದದ್ದೂ ಆಗಲೇ. ತಿಂಗಳು ಕಳೆದ ಮೇಲೂ ಫೋನ್ ಮಾಡಿ, ಹೋದವರ ಹೆಸರೆತ್ತಿ ಮಾತಾಡಿ, ಕಚೇರಿಗೆ ಜೊತೆಯಲ್ಲಿ ಹೋಗಿ.

ಊಟ, ನಿದ್ದೆ ಕೆಟ್ಟು ಬದುಕೇ ಬೇಡವೆನಿಸಿದರೆ ಮಾತ್ರ ಯಾವ ತಿಂಗಳಿಗೂ ಕಾಯಬಾರದು. ಟೆಲಿ-ಮಾನಸ್ ಸಹಾಯವಾಣಿ 14416 ದಿನವಿಡೀ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಉಳಿದವರು ಉಪದೇಶ ನಿಲ್ಲಿಸಿ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.