ಕೋವಿ ಪರವಾನಗಿ: ಐದು ವರ್ಷದ ಗಡುವು ಮರೆಯದಿರಿ

ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡಿರುವ ರೈತ ಬಾಂಧವರು ಮಲೆನಾಡು ಮತ್ತು ಕರಾವಳಿಯ ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ. ಭತ್ತ ತೆನೆ ಕಟ್ಟಿದಾಗ, ಮುಸುಕಿನ ಜೋಳ ಹಾಲುಗಾಳಿನ ಹಂತಕ್ಕೆ ಬಂದಾಗ, ಮರಗೆಣಸು ಗೆಡ್ಡೆಯಿಟ್ಟಾಗ ಕಾಡುಹಂದಿಯ ಹಿಂಡು ನುಗ್ಗಿದರೆ ಆರು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ಇಲಾಖೆಯ ಕೆಲಸದ ಮೇಲೆ ಹಳ್ಳಿಗಳಿಗೆ ಹೋದಾಗ, ಬೀಜ-ಗೊಬ್ಬರದ ಮಾತು ಮುಗಿದ ಮೇಲೆ ರೈತರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಕೋವಿ ಲೈಸೆನ್ಸು ಯಾವಾಗ ರಿನ್ಯೂ ಮಾಡಿಸಬೇಕು ಸಾರ್?”

ಪ್ರಶ್ನೆ ಚಿಕ್ಕದು. ಆದರೆ 2019ರ ನಂತರ ಇದಕ್ಕೆ ಉತ್ತರ ಬದಲಾಗಿದೆ, ತಪ್ಪಿದರೆ ತೆರಬೇಕಾದ ಬೆಲೆಯೂ ಹೆಚ್ಚಿದೆ.

ಬೇಟೆಯ ಪರವಾನಗಿ ಈಗಿಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ದೂರವಾಗಬೇಕು. ಹಿರಿಯರು ಈಗಲೂ ಕೋವಿಯ ಪುಸ್ತಕವನ್ನು ‘ಶಿಕಾರಿ ಲೈಸೆನ್ಸು’ ಎಂದು ಕರೆಯುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂಲ ರೂಪದಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಪರವಾನಗಿ ಕೊಡುವ ಏರ್ಪಾಡು ಇದ್ದದ್ದು ನಿಜ. 1991ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಈಗ ನಮ್ಮ ಕೈಯಲ್ಲಿರುವುದು 1959ರ ಆಯುಧ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ಮಾತ್ರ. ಬೆಳೆ ರಕ್ಷಣೆಗೆ ಮುಖ್ಯವಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಈ ಕಾಯ್ದೆ ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಕೋವಿಗೂ ಅವಕಾಶವಿದೆ.

ಮೂರು ಹೋಗಿ ಐದು

ಹಿಂದೆ ಈ ಪರವಾನಗಿಯ ಅವಧಿ ಮೂರು ವರ್ಷವಿತ್ತು. 2019ರ ಡಿಸೆಂಬರ್ 14ರಂದು ಜಾರಿಗೆ ಬಂದ ತಿದ್ದುಪಡಿ ಅದನ್ನು ಐದು ವರ್ಷಕ್ಕೆ ಏರಿಸಿತು. ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಜಿಲ್ಲಾಧಿಕಾರಿ ಕಚೇರಿ ಎಂದು ಅಲೆಯುವುದು ಕಡಿಮೆಯಾಯಿತೆಂದು ರೈತರಿಗೆ ಸಮಾಧಾನವಾದದ್ದು ಸಹಜ.

ಆದರೆ ಅದೇ ತಿದ್ದುಪಡಿ ಇನ್ನೆರಡು ಕೆಲಸಗಳನ್ನೂ ಮಾಡಿದೆ. ಒಬ್ಬರ ಹೆಸರಿನಲ್ಲಿ ಮೂರು ಕೋವಿಗಳವರೆಗೆ ಇಡಬಹುದಾಗಿದ್ದುದನ್ನು ಎರಡಕ್ಕೆ ಇಳಿಸಿತು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡರೆ ಹಿಂದೆ ಒಂದರಿಂದ ಮೂರು ವರ್ಷ ಸಜೆ ಇತ್ತು. ಅದನ್ನು ಎರಡರಿಂದ ಐದು ವರ್ಷಕ್ಕೆ ಏರಿಸಿತು, ದಂಡ ಬೇರೆ. ಅವಧಿ ಮುಗಿದ ಪುಸ್ತಕವೂ ಪರವಾನಗಿ ಇಲ್ಲದಿದ್ದಂತೆಯೇ. ಅಪ್ಪ, ಅಜ್ಜನ ಕಾಲದಿಂದ ಮನೆಯಲ್ಲಿರುವ ಕೋವಿ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಇಲ್ಲೇ ಅಪಾಯವಿರುವುದು. ಮೂರು ವರ್ಷಕ್ಕೊಮ್ಮೆ ಮಾಡುವ ಕೆಲಸ ಹೇಗೋ ನೆನಪಿನಲ್ಲಿ ಉಳಿಯುತ್ತದೆ. ಐದು ವರ್ಷವೆಂದರೆ ಮರೆಯಲು ಸಾಕಷ್ಟು ದೀರ್ಘ ಕಾಲ. ಪುಸ್ತಕ ಪೆಟ್ಟಿಗೆಯ ಅಡಿಗೆ ಸೇರುತ್ತದೆ, ತಾರೀಖು ಮನಸ್ಸಿನಿಂದ ಜಾರುತ್ತದೆ. ಅವಧಿ ಉದ್ದವಾದಂತೆ ಎಚ್ಚರವೂ ಹೆಚ್ಚಬೇಕು.

ಚುನಾವಣೆಯ ಲೆಕ್ಕ

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬರುವುದು ಎಲ್ಲರಿಗೂ ಗೊತ್ತಿದೆ. 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ, ಮರುವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಸಾಲಾಗಿ ಎರಡು ಬೇಸಿಗೆ ತೋಟಗಾರರ ಕೋವಿ ಠಾಣೆ ಕಂಡವು. ಕೋವಿ ಠಾಣೆಯಲ್ಲಿದ್ದರೂ ಪರವಾನಗಿಯ ದಿನಗಳು ಓಡುತ್ತಲೇ ಇರುತ್ತವೆ. ಠೇವಣಿಯ ಕಾಲವನ್ನು ಅವಧಿಗೆ ಸೇರಿಸಿ ಕೊಡುವ ಪದ್ಧತಿ ಇಲ್ಲ.

ಇನ್ನೊಂದು ಲೆಕ್ಕವನ್ನು ಗಮನಿಸಿ. ಪರವಾನಗಿಗೂ ಐದು ವರ್ಷ, ಶಾಸನಸಭೆಗೂ ಐದು ವರ್ಷ. 2023ರ ಆರಂಭದಲ್ಲಿ ನವೀಕರಿಸಿದ ಪುಸ್ತಕ 2028ರ ಆರಂಭದಲ್ಲಿ ಮುಗಿಯುತ್ತದೆ. ಅವಧಿಗೆ ಮುನ್ನ ಸಭೆ ವಿಸರ್ಜನೆಯಾಗದಿದ್ದರೆ ಮುಂದಿನ ವಿಧಾನಸಭಾ ಚುನಾವಣೆಯೂ ಆಗಲೇ ಬರುತ್ತದೆ. 2024ರಲ್ಲಿ ನವೀಕರಿಸಿದವರಿಗೆ 2029ರಲ್ಲಿ ಲೋಕಸಭೆಯ ಚುನಾವಣೆ ಎದುರಾಗುತ್ತದೆ. ಕಂದಾಯ ಮತ್ತು ಪೊಲೀಸ್ ಸಿಬ್ಬಂದಿ ಚುನಾವಣೆಯ ಕೆಲಸಕ್ಕೆ ನಿಂತಾಗ ನಿಮ್ಮ ಅರ್ಜಿಯ ಮೇಲಿನ ವರದಿ ತಡವಾಗುವುದು ಸ್ವಾಭಾವಿಕ. ಅಂಥವರು ಅವಧಿಗೆ ಮೊದಲಿನ ಮಳೆಗಾಲ ಮುಗಿಯುತ್ತಲೇ ಕಾಗದಪತ್ರ ಸಿದ್ಧಮಾಡಿಕೊಳ್ಳುವುದು ಜಾಣತನ.

ಅರ್ಜಿ ಯಾವಾಗ?

ಸಾಮಾನ್ಯ ವರ್ಷಗಳಲ್ಲಿ ಅವಧಿ ಮುಗಿಯುವ ತಾರೀಖಿಗೆ ಎರಡು ತಿಂಗಳು ಮೊದಲೇ ಅರ್ಜಿ ಸಲ್ಲಿಸುವುದು ಕ್ಷೇಮ. ಉದಾಹರಣೆಗೆ, ಡಿಸೆಂಬರ್ 31ಕ್ಕೆ ಮುಗಿಯುವ ಪುಸ್ತಕಕ್ಕೆ ಅಕ್ಟೋಬರ್ ತಿಂಗಳೊಳಗೆ ಅರ್ಜಿ ಹೋಗಿರಬೇಕು. ಭತ್ತದ ಕೊಯಿಲು ಮುಗಿಯಲಿ, ಅಡಿಕೆ ಕೊನೆ ಇಳಿಯಲಿ ಎಂದು ಮುಂದೂಡಿದರೆ ಗಡುವು ದಾಟುತ್ತದೆ. ಕೊಯಿಲಿನ ಹೊತ್ತಿಗೇ ಹಂದಿಯ ಕಾಟವೂ ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ.

ನೆನಪಿಗೆ ಒಂದು ಸುಲಭ ಉಪಾಯವಿದೆ. ಆಯುಧಪೂಜೆಯ ದಿನ ಕೋವಿಗೆ ಕುಂಕುಮ ಇಡುವಾಗ ಪುಸ್ತಕವನ್ನೂ ಹೊರತೆಗೆದು ತಾರೀಖು ನೋಡಿ. ಕೋವಿಯ ಮೇಲಿನ ನಂಬರು ಮತ್ತು ಪುಸ್ತಕದ ನಂಬರು ತಾಳೆಯಾಗುತ್ತವೆಯೇ, ಯು.ಐ.ಎನ್. ಎಂಬ ಗುರುತಿನ ಸಂಖ್ಯೆ ನಮೂದಾಗಿದೆಯೇ ಎಂಬುದನ್ನೂ ಪರೀಕ್ಷಿಸಿ. ಪಹಣಿ, ಗುರುತಿನ ಚೀಟಿ, ಹಿಂದಿನ ನವೀಕರಣದ ರಸೀದಿ ಒಂದೇ ಕಡೆ ಇರಲಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ.

ಅವಧಿ ಮುಗಿದೇ ಹೋಗಿದ್ದರೆ

ಕೋವಿಯನ್ನು ಅಟ್ಟದ ಮೇಲೆ ಅಡಗಿಸಿಡುವುದು ಪರಿಹಾರವಲ್ಲ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕೆಂದು ಕಾಯ್ದೆ ಹೇಳುತ್ತದೆ. ನಂತರ ತಡವಾದುದಕ್ಕೆ ಕಾರಣ ಬರೆದು ನವೀಕರಣ ಕೇಳಬಹುದು. ನಿಗದಿತ ಕಾಲದೊಳಗೆ ಹಿಂಪಡೆಯದ ಕೋವಿ ಸರ್ಕಾರದ ಪಾಲಾಗುತ್ತದೆ.

ಪರವಾನಗಿದಾರರು ತೀರಿಕೊಂಡಾಗಲೂ ಇದೇ ಎಚ್ಚರ ಬೇಕು. ಅಪ್ಪನ ಹೆಸರಿನ ಪುಸ್ತಕ ಮಗನಿಗೆ ತಾನಾಗಿ ಬರುವುದಿಲ್ಲ. ಕೋವಿಯನ್ನು ಠಾಣೆಗೆ ಒಪ್ಪಿಸಿ ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. 2016ರ ಆಯುಧ ನಿಯಮಗಳಲ್ಲಿ ಇನ್ನೊಂದು ದಾರಿಯಿದೆ. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ 25 ವರ್ಷ ಅವರಲ್ಲಿದ್ದಾಗ, ಯಾವುದು ಮೊದಲೋ ಆಗ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ವಯಸ್ಸಾದವರು ಇದನ್ನು ಯೋಚಿಸುವುದು ಒಳ್ಳೆಯದು.

ಪುಸ್ತಕ ಸರಿಯಿದ್ದರೆ ಹಂದಿ ಹೊಡೆಯಬಹುದೇ?

ಇಲ್ಲ. ಚಾಲ್ತಿಯಲ್ಲಿರುವ ಪುಸ್ತಕ ಕೋವಿ ಇಟ್ಟುಕೊಳ್ಳಲು ಮಾತ್ರ. ಈಡು ಹಾರಿಸಿ ಸದ್ದಿನಿಂದ ಹಿಂಡನ್ನು ಓಡಿಸುವುದು ಬೇರೆ, ಕೊಲ್ಲುವುದು ಬೇರೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದಾಗ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಅನುಮತಿ ಕೊಡಬಹುದು. ಹಾಗೆ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು, ಮಾಂಸ ಹಂಚಿಕೊಳ್ಳುವಂತಿಲ್ಲ. ಅನುಮತಿಯಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕೇರಳ ಸರ್ಕಾರ 2022ರಲ್ಲಿ ಇಂಥ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿಯ ಮಟ್ಟಕ್ಕೆ ಇಳಿಸಿತು. ನೆರೆ ರಾಜ್ಯದ ಆ ಏರ್ಪಾಡು ನಮ್ಮ ಗದ್ದೆಗೆ ಅನ್ವಯಿಸುವುದಿಲ್ಲ.

ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಆದರೆ ಆ ವಿನಾಯಿತಿ ಆಯುಧ ಕಾಯ್ದೆಗಷ್ಟೇ. ವನ್ಯಜೀವಿ ಕಾಯ್ದೆ ಅವರಿಗೂ ಒಂದೇ, ನಮಗೂ ಒಂದೇ.

ಉರುಳು, ಸಿಡಿಮದ್ದಿನ ಉಂಡೆ, ಬೇಲಿಗೆ ನೇರ ವಿದ್ಯುತ್ ಇವುಗಳ ಗೊಡವೆಯೇ ಬೇಡ. ಅವುಗಳಿಗೆ ಹಂದಿಯೊಂದೇ ಅಲ್ಲ, ದನಕರುಗಳೂ ಮನುಷ್ಯರೂ ಬಲಿಯಾಗುತ್ತಾರೆ. ಬೆಳೆ ಹಾಳಾದಾಗ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ ಪರಿಹಾರಕ್ಕೆ ಅರ್ಜಿ ಸಲ್ಲಿಸಿ.

ವಾಚನಾಲಯದಲ್ಲಿ ಈ ಪುಟ ಓದಿದವರು, ಕೋವಿ ಇದ್ದೂ ಓದುಬಾರದ ನೆರೆಯವರಿಗೆ ವಿಷಯ ತಿಳಿಸಬೇಕು. ಅವರ ಪುಸ್ತಕದ ತಾರೀಖನ್ನು ಓದಿ ಹೇಳಿದರೂ ದೊಡ್ಡ ಉಪಕಾರವಾದೀತು.